ಹುಟ್ಟುವ ಮಕ್ಕಳು ಕಡಿಮೆಯಾದರೂ ಬೆಂಗಳೂರು ಬೆಳೆಯುತ್ತಲೇ ಇದೆಯಲ್ಲ, ಮುಂದೇನು?
ಬೆಂಗಳೂರು ಬೆಳೆಯುತ್ತಿರುವುದು ಹೆರಿಗೆ ಆಸ್ಪತ್ರೆಯಿಂದಲ್ಲ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಿಂದ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು ಸುಮಾರು 2.1 ಬೇಕು. ಆದರೂ ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65 ಲಕ್ಷ ಇದ್ದ ಜನ 2011ಕ್ಕೆ 96 ಲಕ್ಷ ಆದರು. ಕೆಲಸ ಹುಡುಕಿ ಬಂದವರಿಲ್ಲದೆ ಇಷ್ಟು ಏರುವುದು ಸಾಧ್ಯವೇ ಇಲ್ಲ.

ಬರುವವರಲ್ಲಿ ಹರೆಯದವರೇ ಜಾಸ್ತಿ. ಅವರಿಗೆ ಮೊದಲು ಬೇಕಾಗುವುದು ಪಿಜಿ, ಬಾಡಿಗೆ ಮನೆ, ಬಸ್ಸು. ಊರೊಳಗೆ ಬಾಡಿಗೆ ಕೈಗೆಟುಕುವುದಿಲ್ಲ, ಹಾಗಾಗಿ ಅಂಚಿಗೆ ಹೋಗುತ್ತಾರೆ. ನೀರು ಮಾತ್ರ ಅವರ ಹಿಂದೆಯೇ ಓಡುವುದಿಲ್ಲ. 110 ಹಳ್ಳಿಗಳನ್ನು 2007ರಲ್ಲಿ ನಗರಕ್ಕೆ ಸೇರಿಸಿದರು. ಅವುಗಳಿಗಾಗಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರಲ್ಲಿ. 2007ರಲ್ಲಿ ಅಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಪಿಯುಸಿ ಓದುತ್ತಿತ್ತು, ಟ್ಯಾಂಕರ್ ನೀರು ಕುಡಿದುಕೊಂಡು!

ಇನ್ನೊಂದು ಕಡೆ ಮಲ್ಲೇಶ್ವರ, ಬಸವನಗುಡಿ ನೋಡಿ. ದೊಡ್ಡ ಮನೆ, ಒಳಗೆ ವಯಸ್ಸಾದ ಇಬ್ಬರು, ಮಕ್ಕಳು ವಿದೇಶದಲ್ಲಿ. ಅವರಿಗೆ ಮೇಲ್ಸೇತುವೆಗಿಂತ ಎಡವದೆ ನಡೆಯುವಂಥ ಫುಟ್‌ಪಾತ್ ಮುಖ್ಯ ಅಲ್ವಾ? ಇಂದು ಪಿಜಿಯಲ್ಲಿರುವವರೂ ಇನ್ನು ಮೂವತ್ತು ವರ್ಷ ಕಳೆದರೆ ಅದನ್ನೇ ಕೇಳುತ್ತಾರೆ. ಒಂದೇ ಮಗು ಸಾಕು ಎನ್ನುವವರು ಹೆಚ್ಚುತ್ತಿರುವಾಗ ಆಗ ನೋಡಿಕೊಳ್ಳುವ ಕೈಗಳೂ ಕಡಿಮೆ.

ನನ್ನ ದೊಡ್ಡ ತಕರಾರು ಬೇರೆ. 2011ರ ನಂತರ ಜನಗಣತಿಯೇ ಆಗಿಲ್ಲ, ಮುಂದಿನದು 2027ಕ್ಕೆ. ಅಲ್ಲಿಯವರೆಗೆ ಪೈಪು, ಬಸ್ಸು, ಶಾಲೆ ಎಲ್ಲವೂ ಅಂದಾಜಿನ ಲೆಕ್ಕದಲ್ಲೇ ನಡೆಯಬೇಕು.