ಸಂಪಾದಕರ ಉತ್ತರ: ಅಳೆದ ಸೇರು ಎರಡೂ ಕಡೆ ಒಂದೇ ಆಗಿತ್ತೇ?

ಮಾನ್ಯರೇ,

ವಿದ್ಯಾರ್ಥಿಗಳ ಜವಾಬ್ದಾರಿಯನ್ನು ಅಳೆಯುವ ಅಮೆರಿಕದ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಂದು ತಮ್ಮ ಒಂಬತ್ತನೆಯ ತರಗತಿಯ ಅರವತ್ತು ಮಕ್ಕಳಿಂದ ತುಂಬಿಸಿದಾಗ ಹುಡುಗಿಯರ ಸರಾಸರಿ ಕಡಿಮೆ ಬಂದಿತೆಂದೂ, ತರಗತಿಯಲ್ಲಿ ಕಾಣುವುದು ಮಾತ್ರ ಅದಕ್ಕೆ ವಿರುದ್ಧವೆಂದೂ ಬರೆದು, ಯಾವುದನ್ನು ನಂಬಬೇಕೆಂದು ಕೇಳಿದ್ದೀರಿ. ಸದ್ಯಕ್ಕೆ ತಮ್ಮ ಕಣ್ಣನ್ನೇ ನಂಬಿ ಎನ್ನುತ್ತೇನೆ.

2008ರಲ್ಲಿ ಪ್ರಕಟವಾದ ಆ ಪ್ರಶ್ನಾವಳಿಗೆ ಆಧಾರ, ದೈಹಿಕ ಶಿಕ್ಷಣದ ಮೂಲಕ ಜವಾಬ್ದಾರಿ ಕಲಿಸಲು ಡಾನ್ ಹೆಲ್ಲಿಸನ್ ರೂಪಿಸಿದ ಮಾದರಿ. ಅದರ 14 ಹೇಳಿಕೆಗಳು ವೈಯಕ್ತಿಕ, ಸಾಮಾಜಿಕ ಎಂಬ ಎರಡು ಭಾಗಗಳಲ್ಲಿ ಹಂಚಿಕೊಂಡಿವೆ. ಇತರರಿಗೆ ನೆರವಾಗುವ ಹೇಳಿಕೆಯನ್ನೇ ನೋಡಿ. ಬೆಳಿಗ್ಗೆ ನೀರು ಹಿಡಿದು, ತಮ್ಮನ ತಲೆ ಬಾಚಿ, ಡಬ್ಬಿ ಕಟ್ಟಿಕೊಟ್ಟು ಶಾಲೆಗೆ ಓಡಿಬರುವ ಹುಡುಗಿಗೆ ಅದೆಲ್ಲ ನೆರವೆಂದು ತೋರದೆ, ದಿನದ ಕೆಲಸವೆಂದೇ ತೋರಿ, ಅವಳು ‘ಸ್ವಲ್ಪ ಒಪ್ಪುತ್ತೇನೆ’ ಎಂಬಲ್ಲಿ ಗುರುತು ಹಾಕಬಹುದು. ಒಮ್ಮೆ ಅಂಗಡಿಯಿಂದ ಸಕ್ಕರೆ ತಂದುಕೊಟ್ಟ ಅಣ್ಣ ‘ಪೂರ್ಣ ಒಪ್ಪುತ್ತೇನೆ’ ಎಂದಾನು.

ಪ್ರಶ್ನಾವಳಿ ಹುಡುಗರನ್ನೂ ಹುಡುಗಿಯರನ್ನೂ ಒಂದೇ ಸೇರಿನಲ್ಲಿ ಅಳೆಯುತ್ತದೆಯೇ ಎಂದು ಪರೀಕ್ಷಿಸುವವರು ಎರಡೂ ಗುಂಪುಗಳಲ್ಲಿ ಹೇಳಿಕೆಗಳು ಅವೇ ಭಾಗಗಳಡಿ ಸೇರುತ್ತವೆಯೇ ಎಂದು ಮೊದಲು ನೋಡುತ್ತಾರೆ; ಆಮೇಲೆ ಪ್ರತಿ ಹೇಳಿಕೆಗೂ ಜವಾಬ್ದಾರಿಗೂ ಇರುವ ನಂಟು ಅಷ್ಟೇ ಬಿಗಿಯಾಗಿದೆಯೇ ಎಂದು; ಕೊನೆಗೆ, ಸಮಾನ ಜವಾಬ್ದಾರಿಯ ಹುಡುಗ ಹುಡುಗಿಯರಿಗೆ ಆ ಹೇಳಿಕೆಯಲ್ಲಿ ಸಮಾನ ಅಂಕ ಬರುತ್ತದೆಯೇ ಎಂದು. ಸರಾಸರಿ ಹೋಲಿಸಲು ಈ ಮೂರನೆಯದೂ ನಿಲ್ಲಬೇಕು. ಒಂದೆರಡು ಹೇಳಿಕೆಗಳಷ್ಟೇ ಎಡವಿದರೆ ಅವು ಎರಡೂ ಗುಂಪುಗಳಲ್ಲಿ ಬೇರೆಬೇರೆಯಾಗಿರಲು ಬಿಟ್ಟು ಉಳಿದವುಗಳ ಆಧಾರದಲ್ಲಿ ಹೋಲಿಸುವುದುಂಟು. ಉತ್ತರಗಳು ಊಹಿಸಿದ ರಚನೆಗೆ ಎಷ್ಟು ಹೊಂದುತ್ತವೆ ಎಂದು ತಿಳಿಸುವ ಸಿಎಫ್‌ಐ ಎಂಬ ಸೂಚ್ಯಂಕ ಹಂತದಿಂದ ಹಂತಕ್ಕೆ 0.01ಕ್ಕಿಂತ ಹೆಚ್ಚು ಇಳಿದರೆ ಸಂಶಯಪಡಬೇಕೆಂದು ಸಂಶೋಧಕರಾದ ಚಿಯುಂಗ್ ಮತ್ತು ರೆನ್ಸ್‌ವೋಲ್ಡ್ 2002ರಲ್ಲಿ ಸೂಚಿಸಿದರು. ಆ ಅಂಕಿಯನ್ನು ವೇದವಾಕ್ಯ ಮಾಡಿಕೊಂಡವರಿದ್ದಾರೆ. ನನಗೆ ಅಷ್ಟು ಭಕ್ತಿಯಿಲ್ಲ.

ಏಕೆಂದರೆ ಹುಡುಗಿಯರು ಎಲ್ಲ ಹೇಳಿಕೆಗಳಲ್ಲೂ ಒಂದೇ ಪ್ರಮಾಣದಲ್ಲಿ ತಮ್ಮನ್ನು ಕಡಿಮೆ ಅಂದಾಜಿಸಿಕೊಂಡರೆ ಈ ಪರೀಕ್ಷೆಗೆ ಅದು ಸಿಕ್ಕುವುದೇ ಇಲ್ಲ, ನಿಜವಾದ ವ್ಯತ್ಯಾಸದಂತೆಯೇ ಕಾಣುತ್ತದೆ. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಸಮೀಕ್ಷೆಯಲ್ಲಿ ಜಪಾನ್, ಕೊರಿಯಾದ ಮಕ್ಕಳು ಗಣಿತದಲ್ಲಿ ಮೇಲಿನ ಸಾಲಿನಲ್ಲಿದ್ದೂ ತಮ್ಮ ಗಣಿತದ ಬಗ್ಗೆ ಕಡಿಮೆ ವಿಶ್ವಾಸ ಬರೆದುಕೊಂಡಿದ್ದು ಗೊತ್ತಿರುವ ಸಂಗತಿ. ಆ ಸಮೀಕ್ಷೆಯ 2012ರ ಸುತ್ತಿನಲ್ಲಿ ಕಲ್ಪಿತ ವ್ಯಕ್ತಿಗಳ ಪುಟ್ಟ ವಿವರಣೆ ಕೊಟ್ಟು, ಅವರಿಗೆ ಮಕ್ಕಳು ಕೊಡುವ ಅಂಕದಿಂದ ಅವರವರ ಅಳತೆಗೋಲನ್ನು ತಿಳಿಯುವ ಪ್ರಯತ್ನ ನಡೆಯಿತು.

ಅರವತ್ತು ಮಕ್ಕಳ ಉತ್ತರಗಳಿಗೆ ಈ ಲೆಕ್ಕವೆಲ್ಲ ದಕ್ಕುವುದಿಲ್ಲ. ಹುಡುಗರೈವರನ್ನೂ ಹುಡುಗಿಯರೈವರನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು, ‘ನೆರವು ಎಂದು ಓದಿದಾಗ ನಿನಗೆ ಏನು ನೆನಪಾಯಿತು?’ ಎಂದು ಕೇಳಿ, ಅವರ ಮಾತನ್ನು ಅವರ ಮಾತಿನಲ್ಲೇ ಬರೆದು ಕಳುಹಿಸಿ. ತಾವು ಕಳುಹಿಸಿದ ಸರಾಸರಿಗಳ ಕೋಷ್ಟಕವನ್ನು ಈ ಕಾರಣಕ್ಕೆ ಅಚ್ಚು ಮಾಡಿಲ್ಲ. ಆ ಮಾತುಗಳನ್ನು ಖಂಡಿತ ಅಚ್ಚು ಮಾಡುತ್ತೇವೆ.

– ಸಂ.