ಸ್ವೀಡನ್ ಶಾಲೆಯಲ್ಲಿ ಎರಡು ವಾರ

ಪ್ರಶ್ನೆ: ಸಾಂಸ್ಕೃತಿಕ ವಿನಿಮಯದಡಿ ಸೆಪ್ಟೆಂಬರಿನಲ್ಲಿ ಎರಡು ವಾರ ಸ್ವೀಡನ್ನಿನ ಶಾಲೆಯೊಂದಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಏನನ್ನು ಗಮನಿಸಬೇಕು, ಎಲ್ಲಿ ಎಡವಬಹುದು?
– ಪ್ರೌಢಶಾಲಾ ಶಿಕ್ಷಕಿ, ಶಿವಮೊಗ್ಗ

ಉತ್ತರ: ಒಂದೇ ತರಗತಿ ನೋಡಲು ಸಮಯವಿದ್ದರೆ ‘ಸ್ಲಾಯ್ಡ್’ ನೋಡಿ. ಮರ, ಲೋಹ, ಬಟ್ಟೆ, ನೂಲಿನ ಕೈಕೆಲಸವನ್ನು ಹುಡುಗರೂ ಹುಡುಗಿಯರೂ ಕಡ್ಡಾಯವಾಗಿ ಕಲಿಯುವ ವಿಷಯವಿದು. ಮಗು ತಯಾರಿಸಿದ ವಸ್ತುವನ್ನಷ್ಟೇ ಅಳೆಯುವುದಿಲ್ಲ. ಯೋಚನೆ ಹೇಗೆ ಬೆಳೆಯಿತು, ಈ ಸಾಮಗ್ರಿಯನ್ನೇ ಏಕೆ ಆರಿಸಿತು ಎಂಬುದಕ್ಕೂ ಬೆಲೆಯಿದೆ. 1870ರ ದಶಕದಲ್ಲಿ ಗೋಥೆನ್‌ಬರ್ಗ್ ಬಳಿಯ ನ್ಯಾಸ್‌ನಲ್ಲಿ ಒಟ್ಟೊ ಸಾಲೊಮನ್ ಇದಕ್ಕಾಗಿಯೇ ಶಿಕ್ಷಕರ ತರಬೇತಿ ಆರಂಭಿಸಿದರು. ಹೊರದೇಶಗಳ ಶಿಕ್ಷಕರೂ ಅಲ್ಲಿ ಕಲಿತರು. ನಮ್ಮಲ್ಲಿ ಪರೀಕ್ಷೆ ಹತ್ತಿರ ಬಂದರೆ ಮೊದಲು ಕತ್ತರಿ ಬೀಳುವುದು ಇಂಥ ಅವಧಿಗೇ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ಶ್ರೇಣಿ ಸಾಮಾನ್ಯವಾಗಿ 6ನೇ ತರಗತಿಯಿಂದ, ಎ ಇಂದ ಎಫ್‌ವರೆಗೆ. ಎಫ್ ಎಂದರೆ ಅನುತ್ತೀರ್ಣ. ಪ್ರತಿ ಸೆಮಿಸ್ಟರಿನಲ್ಲೂ ಮಗು, ಪೋಷಕರು, ಶಿಕ್ಷಕರು ಒಟ್ಟಿಗೆ ಕುಳಿತು ಪ್ರಗತಿಯ ಬಗ್ಗೆ ಮಾತಾಡುತ್ತಾರೆ. ಮಗುವಿನ ಎದುರೇ, ಮಗುವಿನೊಂದಿಗೇ.

ಮಕ್ಕಳು ನಿಮ್ಮನ್ನು ಹೆಸರು ಹಿಡಿದು ಕರೆದರೆ ಬೇಸರಿಸಬೇಡಿ, ಅಲ್ಲಿ ಅದು ಅಗೌರವವಲ್ಲ. ಎಷ್ಟೋ ಶಾಲೆಗಳಲ್ಲಿ ಶೂ ಹೊರಗೇ ಬಿಡಬೇಕು, ದಪ್ಪ ಕಾಲುಚೀಲ ಒಯ್ಯಿರಿ. ಮಕ್ಕಳಿಗೆ ಊಟ ಉಚಿತ; ನೀವು ಸಸ್ಯಾಹಾರಿಯಾದರೆ ‘ಮೊಟ್ಟೆಯೂ ಬೇಡ’ ಎಂದು ಮೊದಲೇ ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ತಟ್ಟೆಗೆ ಮೊಟ್ಟೆ ಬರಬಹುದು. ಅನುಮತಿಯಿಲ್ಲದೆ ಮಕ್ಕಳ ಫೋಟೊ ತೆಗೆಯಲೇಬೇಡಿ. ‘ಫೀಕಾ’ ಎಂಬ ಕಾಫಿ ವಿರಾಮವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಶಿಕ್ಷಕರು ಮನಬಿಚ್ಚಿ ಮಾತಾಡುವುದು ಆಗಲೇ.