ನಮ್ಮ ಬೂತಿನ ಓಟು, ನಮ್ಮ ಬೀದಿಯ ನಲ್ಲಿ

ಪ್ರಶ್ನೆ: ನಮ್ಮದು ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ. 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಬೂತಿನಲ್ಲಿ ಕಾಂಗ್ರೆಸ್ಸಿಗೆ ಲೀಡ್ ಬಂದಿತ್ತು. ಮರುವರ್ಷ ಲೋಕಸಭೆಗೆ ಬಿಜೆಪಿಗೆ ಬಂತು. ಅಂದಿನಿಂದ ಎರಡೂ ಕಡೆಯವರು ‘ಈ ಊರಿನವರನ್ನು ನಂಬುವ ಹಾಗಿಲ್ಲ’ ಎನ್ನುತ್ತಿದ್ದಾರೆ. ಬೀದಿಗೆ ನೀರಿನ ಪೈಪ್ ಹಾಕಿಸಿಕೊಡಿ ಎಂದು ಕೇಳಲು ಹೋದರೆ ಮುಖಂಡರೊಬ್ಬರು ‘ನಿಮ್ಮ ಬೂತಿನ ಲೆಕ್ಕ ನನ್ನ ಹತ್ತಿರ ಇದೆ’ ಎಂದರು. ನಾವು ಯಾರಿಗೆ ಓಟು ಹಾಕಿದೆವೆಂಬುದು ಅವರಿಗೆ ತಿಳಿಯುತ್ತದೆಯೇ? ನಮ್ಮೂರಿನವರಿಗೆ ನಿಷ್ಠೆ ಇಲ್ಲವೇ?

ಉತ್ತರ: ಪಕ್ಷನಿಷ್ಠೆ ಕಾರ್ಯಕರ್ತನಿಗೆ ಇರಬೇಕಾದದ್ದು, ಮತದಾರನಿಂದ ಅದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ನಿಮ್ಮೂರು ಮಾಡಿದ್ದನ್ನೇ ಇಡೀ ಕ್ಷೇತ್ರ ಮಾಡಿದೆ. ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ 8 ವಿಧಾನಸಭಾ ಕ್ಷೇತ್ರಗಳ ಪೈಕಿ 2023ರಲ್ಲಿ ಹೊಳಲ್ಕೆರೆಯೊಂದನ್ನು ಬಿಟ್ಟು ಉಳಿದ ಏಳರಲ್ಲೂ ಕಾಂಗ್ರೆಸ್ ಗೆದ್ದಿತ್ತು. 2024ರಲ್ಲಿ ಅದೇ ಮತದಾರರು ಬಿಜೆಪಿಯ ಗೋವಿಂದ ಕಾರಜೋಳ ಅವರನ್ನು ಸಂಸತ್ತಿಗೆ ಕಳುಹಿಸಿದರು. ಪಕ್ಕದ ದಾವಣಗೆರೆಯಲ್ಲಿ ಗಾಳಿ ಬೇರೆ ಕಡೆಗೆ ಬೀಸಿತು: 2004ರಿಂದ ಸತತವಾಗಿ ನಾಲ್ಕು ಬಾರಿ ಬಿಜೆಪಿಯ ಜಿ.ಎಂ. ಸಿದ್ದೇಶ್ವರ ಅವರನ್ನು ಆರಿಸಿದ್ದ ಕ್ಷೇತ್ರ 2024ರಲ್ಲಿ ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್ ಅವರನ್ನು ಗೆಲ್ಲಿಸಿತು.

ಹಳೆಯದನ್ನು ನೋಡಿದರೂ ಹೀಗೆಯೇ. ಚಿತ್ರದುರ್ಗದವರೇ ಆಗಿ ಹೆಸರಾದ ಎಸ್. ನಿಜಲಿಂಗಪ್ಪನವರನ್ನು 1962ರಲ್ಲಿ ಸೋಲಿಸಿದ್ದು ನಿಮ್ಮ ಹೊಸದುರ್ಗ. ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರನ್ನು 1999ರಲ್ಲಿ ಚನ್ನಗಿರಿ ಮನೆಗೆ ಕಳುಹಿಸಿತು. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆ ಕಮ್ಯುನಿಸ್ಟ್ ಪಕ್ಷದ (ಸಿಪಿಐ) ಪಂಪಾಪತಿಯವರನ್ನು ಮೂರು ಬಾರಿ ವಿಧಾನಸಭೆಗೆ ಕಳುಹಿಸಿತ್ತು. ಗಿರಣಿಗಳ ಸೈರನ್ ನಿಂತ ಮೇಲೆ ಆ ರಾಜಕೀಯಕ್ಕೆ ಕಾಲೂರಲು ನೆಲವೇ ಉಳಿಯಲಿಲ್ಲ. ವಿಧಾನಸಭೆಗೆ ಓಟು ಹಾಕುವಾಗ ಪಡಿತರ, ಬಸ್ಸು, ಶಾಸಕರು ಫೋನ್ ಎತ್ತುತ್ತಾರೋ ಇಲ್ಲವೋ ಎಂಬುದು ಮುಂದೆ ಬರುತ್ತದೆ. ಲೋಕಸಭೆಗೆ ದೇಶದ ನಾಯಕತ್ವದ ಪ್ರಶ್ನೆ ಬರುತ್ತದೆ. ಭದ್ರಾ ಮೇಲ್ದಂಡೆಯಂತಹ ನೀರಾವರಿ ಯೋಜನೆಗೆ ರಾಜ್ಯವೂ ಹಣ ಕೊಡಬೇಕು, 2023ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಿಸಿದ ಕೇಂದ್ರವೂ ಕೊಡಬೇಕು ಎಂದಾಗ, ನೀರಿಗಾಗಿ ಕಾಯುವ ರೈತ ಇಬ್ಬರನ್ನೂ ಬೇರೆ ಬೇರೆಯಾಗಿ ತೂಗಿ ನೋಡುವುದು ಸಹಜ. ಓಟಿಗಾಗಿ ಹಣ ಹಂಚುವುದು ಇಲ್ಲವೆಂದು ನಾನು ಹೇಳುತ್ತಿಲ್ಲ. ಅದು ಎಲ್ಲ ಪಕ್ಷಗಳಿಂದಲೂ ನಡೆಯುತ್ತದೆ. ಆದರೆ ಊರಿನ ಓಟು ಬದಲಾದದ್ದಕ್ಕೆಲ್ಲ ಅದೊಂದೇ ಕಾರಣವೆನ್ನುವುದು ಊರಿಗೆ ಮಾಡುವ ಅವಮಾನ.

ಇನ್ನು ಬೂತಿನ ಲೆಕ್ಕ. ಮತಪತ್ರಗಳ ಕಾಲದಲ್ಲಿ ಹಲವು ಪೆಟ್ಟಿಗೆಗಳ ಮತಗಳನ್ನು ಬೆರೆಸಿ ಎಣಿಸುವ ಪದ್ಧತಿಯಿತ್ತು. ಮತಯಂತ್ರ ಬಂದ ಮೇಲೆ ಒಂದೊಂದು ಬೂತಿನ ಎಣಿಕೆಯೂ ಪ್ರತ್ಯೇಕವಾಗಿ ಫಾರಂ 20 ಎಂಬ ಫಲಿತಾಂಶ ಪಟ್ಟಿಯಲ್ಲಿ ದಾಖಲಾಗುತ್ತದೆ. ಹೀಗಾಗಿ ನಿಮ್ಮ ಬೂತು ಯಾರಿಗೆ ಎಷ್ಟು ಮತ ಕೊಟ್ಟಿತು ಎಂಬುದು ಆ ಮುಖಂಡರಿಗೆ ಗೊತ್ತಿರುವುದು ನಿಜ. ಆದರೆ ನೀವು ಯಾರಿಗೆ ಕೊಟ್ಟಿರಿ ಎಂಬುದು ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಬೂತ್ ಏಜೆಂಟರೊಬ್ಬರ ಮತದಾರರ ಪಟ್ಟಿಯನ್ನು ನಾನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೇಲಿನ ಕೇರಿ, ಗೊಲ್ಲರಹಟ್ಟಿ, ತಾಂಡಾ ಎಂದು ಭಾಗ ಮಾಡಿ, ಹೆಸರುಗಳ ಮುಂದೆ ಪೆನ್ಸಿಲ್ಲಿನಲ್ಲಿ ‘ನಮ್ಮವರು’, ‘ಅವರು’, ‘ಅನುಮಾನ’ ಎಂದು ಬರೆದಿದ್ದರು. ಅದರಲ್ಲಿ ‘ನಮ್ಮವರು’ ಎಂದಿದ್ದ ಅಜ್ಜಿಯೊಬ್ಬರ ಹೆಸರಿನ ಮುಂದೆ ಎದುರು ಪಕ್ಷದ ಏಜೆಂಟರ ಪಟ್ಟಿಯಲ್ಲೂ ‘ನಮ್ಮವರು’ ಎಂದೇ ಇತ್ತು. ಅಜ್ಜಿ ಇಬ್ಬರಿಗೂ ‘ಆಯ್ತಪ್ಪ, ಹಾಕ್ತೀನಿ’ ಎಂದಿದ್ದರಂತೆ. ಜಾತಿ, ಬೀಗತನ, ಕೇರಿಗಳ ಮೇಲೆ ಮಾಡುವ ಊಹೆಗೆ ಇಷ್ಟೇ ಬೆಲೆ.

ಇಡೀ ಬೂತನ್ನು ಹೀಗೆ ಗುರುತಿಸಿ ಹೆದರಿಸಬಹುದೆಂಬ ಆತಂಕ ನಿಮ್ಮದೊಬ್ಬರದೇ ಅಲ್ಲ. 14 ಬೂತುಗಳ ಯಂತ್ರಗಳನ್ನು ಜೋಡಿಸಿ ಒಟ್ಟಿಗೆ ಎಣಿಸುವ ಟೋಟಲೈಸರ್ ಸಾಧನವನ್ನು ಚುನಾವಣಾ ಆಯೋಗವೇ 2008ರಲ್ಲಿ ಪ್ರಸ್ತಾಪಿಸಿತು, ಕಾನೂನು ಆಯೋಗ 2015ರ ವರದಿಯಲ್ಲಿ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಸಣ್ಣ ಊರುಗಳ ಮಟ್ಟಿಗೆ ಇದು ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ.

ಪೈಪ್‌ಲೈನ್ ವಿಷಯದಲ್ಲಿ ಮುಖಂಡರ ಮನೆ ಬಾಗಿಲಿಗೆ ಮತ್ತೆ ಹೋಗಬೇಡಿ. ಮುಂದಿನ ಗ್ರಾಮಸಭೆಯಲ್ಲಿ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ಪಡೆಯಿರಿ. ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಯಾವ ಬೀದಿಗೆ ಎಷ್ಟು ಹಣ ಇಟ್ಟಿದ್ದಾರೆಂದು ಮಾಹಿತಿ ಹಕ್ಕಿನಡಿ ಕೇಳಿ. ಯಾರಿಗೆ ಓಟು ಹಾಕಿದಿರಿ ಎಂದು ಯಾರಾದರೂ ಕೇಳಿದರೆ ಉತ್ತರಿಸಬೇಕಾಗಿಲ್ಲ. ಜನಪ್ರಾತಿನಿಧ್ಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಸಾಕ್ಷಿಕಟ್ಟೆಯಲ್ಲಿ ನಿಂತವರನ್ನೂ ಹಾಗೆ ಬಲವಂತಪಡಿಸುವಂತಿಲ್ಲ.

ಪ್ರಶ್ನೆ: ಓಟು ಹಾಕಿದಾಗ ಮತಯಂತ್ರದ ಪಕ್ಕದ ಯಂತ್ರದಲ್ಲಿ ಮುದ್ರಣವಾಗುವ ವಿವಿಪ್ಯಾಟ್ ಚೀಟಿಯಿಂದ ನಮ್ಮ ಓಟು ಪತ್ತೆಯಾಗುತ್ತದೆ ಎಂದು ಜಗಳೂರಿನಲ್ಲಿ ಕೆಲವರು ಹೆದರಿಸುತ್ತಾರೆ. ನಿಜವೇ?

ಉತ್ತರ: ಸುಳ್ಳು. ಆ ಚೀಟಿಯಲ್ಲಿರುವುದು ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು ಮತ್ತು ಚಿಹ್ನೆ ಮಾತ್ರ. ಮತದಾರರ ಹೆಸರಾಗಲಿ ಸಂಖ್ಯೆಯಾಗಲಿ ಇರುವುದಿಲ್ಲ. ಅದು 7 ಸೆಕೆಂಡು ಗಾಜಿನ ಹಿಂದೆ ನಿಮಗೊಬ್ಬರಿಗೇ ಕಂಡು, ಕತ್ತರಿಸಿಕೊಂಡು, ಮೊಹರು ಮಾಡಿದ ಪೆಟ್ಟಿಗೆಯೊಳಗೆ ಬೀಳುತ್ತದೆ.